ಅರ್ಹತೆ ಇಲ್ಲದ ಕಂಪ್ಯೂಟರು

ಆನೆಗೊಂದಿಯ ನಮ್ಮ ಮನಿ ಪಡಸಾಲ್ಯಾಗ ಹಳೇ ಕಂಪ್ಯೂಟರೊಂದು ಐತಿ. ಕೇರಿ ಹುಡುಗರ ಸ್ಕಾಲರ್‌ಶಿಪ್ ಅರ್ಜಿ, ಸ್ಮಶಾನದ ಜಾಗಕ್ಕೆ ಬರೆದ ಮನವಿ ಎಲ್ಲಾ ಅದರಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಗಂಗಾವತಿಗೆ ಒಯ್ದು ತೋರಿಸಿದೆ. ‘ಅಣ್ಣಾರ, ಪ್ರೊಸೆಸರ್ ಹಳೇದು, ಟಿಪಿಎಂ 2.0 ಇಲ್ಲ. ವಿಂಡೋಸ್ 11ಕ್ಕ ಇದಕ್ಕ ಅರ್ಹತೆ ಇಲ್ರೀ, ಹೊಸಾದು ತಗೋರಿ’ ಅಂದ ಅಂಗಡಿ ಹುಡುಗ.

ಅರ್ಹತೆ! ಈ ಮಾತು ನಮಗೇನು ಹೊಸದೇ? ಮಷೀನು ಗಟ್ಟಿಮುಟ್ಟಾಗೇ ಐತಿ, ದುಡಿಯಾಕೂ ತಯಾರೈತಿ. ಬಾಗಿಲು ಮಾತ್ರ ಬಂದ್.

ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಎಸ್‌ಎಸ್‌ಡಿ ಕೂರಿಸಿ, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆವು. ನುಡಿಯಲ್ಲಿ ಟೈಪಿಸಿದ್ದ ಹಳೇ ಮನವಿಗಳು ಬರೀ ಗೀಚಿದಂತೆ ಕಂಡವು, ಎದೆ ಝಲ್ಲೆಂದಿತು. ಯೂನಿಕೋಡಿಗೆ ಬದಲಿಸಿದ ಮೇಲೆ ಒಂದೊಂದೇ ಓದಲು ಬಂದವು.

1956ರ ಇದೇ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ್ದು. ಹೋಲಿಕೆ ದೊಡ್ಡದಾಯಿತು, ಗೊತ್ತು. ಆದರೆ ಒಳಗೆ ಬಿಡದ ಮನೆಯ ಹೊಸ್ತಿಲಲ್ಲಿ ಕಾಯಬಾರದು ಅನ್ನೋದನ್ನ ಕಲಿತದ್ದು ಅವರಿಂದಲೇ.

ಹಳೇ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕಬ್ಯಾಡ್ರಿ. ನಿಮ್ಮೂರ ಕೇರಿ ಹುಡುಗರಿಗೆ ಕೊಡ್ರಿ.

ಜೈ ಭೀಮ್.