ನನ್ನ ಬಗಲಚೀಲ

ರಾಣೇಬೆನ್ನೂರಿನಲ್ಲಿ ನನ್ನ ಸೋದರಮಾವನವರದೊಂದು ಫೋಟೋ ಸ್ಟುಡಿಯೋ ಇದೆ. ಕಳೆದ ವರ್ಷ ಮಾವ ಹೊಸ ಕ್ಯಾಮರಾ ಕೊಂಡರು. ಹಳೆಯದು ನನ್ನ ಪಾಲಿಗೆ ಬಂದಿತು. “ಶೋಕಿಗಲ್ಲ ನೋಡು, ಮದುವಿ ದಿನ ಬಂದು ದುಡೀಬೇಕು” ಎಂಬುದು ಅವರ ಕರಾರು. ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕಿರಲಿಲ್ಲ. ಕ್ಯಾಮರಾದ ಜೊತೆಗೆ ಅದರ ಚೀಲವೂ ಬಂದಿತು. ನನ್ನ ಕಷ್ಟಗಳೆಲ್ಲ ಆ ಚೀಲದಿಂದಲೇ ಪ್ರಾರಂಭವಾದವು.

ಅದು ಕಪ್ಪು ಬಣ್ಣದ, ಸ್ಪಂಜು ತುಂಬಿ ಉಬ್ಬಿಸಿದ, ಪೆಟ್ಟಿಗೆಯಂಥ ಚೀಲ. ಮುಚ್ಚಳದ ಮೇಲೆ ಕಂಪನಿಯ ಹೆಸರು ಹಳದಿ ಅಕ್ಷರಗಳಲ್ಲಿ, ಸಿನಿಮಾ ಜಾಹೀರಾತಿನಷ್ಟು ದೊಡ್ಡದಾಗಿ. ಇದರೊಳಗೆ ಬೆಲೆಬಾಳುವ ಸಾಮಾನಿದೆ ಎಂದು ಬಸ್ ಸ್ಟ್ಯಾಂಡಿನ ಕಿಸೆಗಳ್ಳರಿಗೆಲ್ಲ ಡಂಗುರ ಸಾರುವಂತಿತ್ತು.

ಬ್ಯಾಡಗಿಯಿಂದ ಹಾವೇರಿಗೆ ದಿನವೂ ಬಸ್ಸಿನಲ್ಲಿ ಬರುವವರಿಗೆ ಚೀಲದ ಮುಖ್ಯ ಪ್ರಯೋಜನವೇನೆಂಬುದನ್ನು ನಾನು ಹೇಳಬೇಕಾಗಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಅದನ್ನು ಒಗೆದು ಸೀಟು ಹಿಡಿಯಬೇಕು. ಎರಡು ವರ್ಷ ಈ ವಿದ್ಯೆಯಲ್ಲಿ ನಾನು ಪಾರಂಗತನಾಗಿದ್ದೆ. ಕ್ಯಾಮರಾ ಬಂದ ಮೇಲೆ ಒಗೆಯುವಂತಿಲ್ಲ. ಎದೆಗವಚಿಕೊಂಡು ಹಾವೇರಿಯವರೆಗೂ ನಿಂತೇ ಬರಬೇಕಾಯಿತು. ಕೊನೆಗೊಂದು ದಿನ ಸಿದ್ಧೇಶ್ವರ ದೇವಾಲಯದ ಆವರಣದಲ್ಲಿ ಆ ಚೀಲದ ಪಟ್ಟಿ ಹೊಲಿಗೆ ಬಿಚ್ಚಿ ಕಿತ್ತುಬಂದಿತು. ಚೀಲ ಬಿದ್ದದ್ದು ಹುಲ್ಲಿನ ಮೇಲೆ. ಹನ್ನೆರಡನೆಯ ಶತಮಾನದ ಆ ಕಲ್ಲುಗಳ ಮೇಲೆ ಬಿದ್ದಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇಷ್ಟಾದರೂ ಪಟ್ಟಿಗೆ ಎರಡು ಹೊಲಿಗೆ ಹಾಕಿಸಿ ಅದೇ ಚೀಲವನ್ನು ಹೊತ್ತು ತಿರುಗುತ್ತಿದ್ದೆನೋ ಏನೋ. ಹಾಗಾಗದಂತೆ ಮಾಡಿದ್ದು ಬ್ಯಾಡಗಿಯ ಪೇಟೆ.

ನಮ್ಮೂರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಬಣ್ಣ ತೆಗೆಯುವ ಕಾರ್ಖಾನೆಯವರಿಗೂ ಅದು ಬೇಕು. ಆದರೆ ಕಾಯಿಗೆ ಖಾರ ಕಡಿಮೆಯೆಂದರೆ ಅದರ ಧೂಳಿಗೂ ಕಡಿಮೆಯೆಂದು ತಿಳಿಯಬಾರದು. ಸೀಜನ್ನಿನ ದಿನ ಅಂಗಡಿಗಳ ಮುಂದೆ ಹಾಯ್ದು ಹೋದರೆ ಸೀನು ತಾನಾಗಿಯೇ ಬರುತ್ತದೆ. ಅಲ್ಲಿ ದಿನವಿಡೀ ಕುಳಿತು ಕಾಯಿಯ ತೊಟ್ಟು ಮುರಿಯುವವರು ಹೆಂಗಸರು. ಅವರಿಗೆ ಕೂಲಿ ತೂಕದ ಲೆಕ್ಕದಲ್ಲಿ. ನಮ್ಮ ಅವ್ವನೂ ಅವರಲ್ಲೊಬ್ಬಳು. ನಮ್ಮ ಕಾಲೇಜಿನ ಫೀಜು ಬಂದದ್ದು ಆ ತೊಟ್ಟುಗಳಿಂದ.

ಕಾಲೇಜಿನಲ್ಲಿ ಚಿತ್ರಲೇಖನವೊಂದನ್ನು ಬರೆದು ತರಲು ಹೇಳಿದಾಗ ನಾನು ಈ ಕೆಲಸವನ್ನೇ ಆರಿಸಿಕೊಂಡೆ. ಕಪ್ಪು ಚೀಲವನ್ನು ಹೆಗಲಿಗೇರಿಸಿ ಠೀವಿಯಿಂದ ಒಳಗೆ ಹೋದೆ. ಮಾತು ನಿಂತವು. ಹೆಂಗಸರು ಮುಖಕ್ಕೆ ಸೆರಗು ಎಳೆದುಕೊಂಡರು. 2024ರ ಮಾರ್ಚ್ 11ರಂದು ದರ ಬಿದ್ದು, ರೈತರ ಸಿಟ್ಟು ಮಾರುಕಟ್ಟೆ ಸಮಿತಿಯ ಕಚೇರಿಗೆ ಬೆಂಕಿ ಬೀಳುವವರೆಗೆ ಹೋಗಿತ್ತು. ಆ ಮೇಲೆ ಪೇಟೆಯಲ್ಲಿ ಕ್ಯಾಮರಾ ಕಂಡವರು ಒಂದು ಕ್ಷಣ ತಡೆದು ನೋಡುವುದುಂಟು. “ಯಾವ ಪೇಪರದವರ್ರೀ?” ಎಂದು ಒಬ್ಬ ಹಮಾಲ ಕೇಳಿದ. ನನ್ನನ್ನು ಯಾರೂ ಆವರೆಗೆ ‘ರೀ’ ಹಚ್ಚಿ ಮಾತಾಡಿಸಿರಲಿಲ್ಲ. ಮೂಲೆಯಲ್ಲಿ ಅವ್ವ ಕುಳಿತಿದ್ದಳು. ನನ್ನನ್ನು ನೋಡಿ, ನೋಡದವಳಂತೆ ಕೈಕೆಲಸ ಮುಂದುವರಿಸಿದಳು. ಒಂದೂ ಚಿತ್ರ ತೆಗೆಯದೆ ಹಿಂದಿರುಗಿದೆ.

ರಾತ್ರಿ ಅವಳೇ ಮಾತೆತ್ತಿದಳು: “ಎಲ್ಲಾರೂ ಪೇಪರದಾಂವ ಬಂದಾನ ಅಂದ್ರು. ಇಂವ ನನ್ನ ಮಗಾ ಅನ್ನಾಕ ನನಗ ಬಾಯಿ ಬರಲಿಲ್ಲ ನೋಡಪಾ. ಅಂಥಾ ಚೀಲ ಅದು.”

ಮರುದಿನದಿಂದ ಚೀಲದ ಅನ್ವೇಷಣೆ ಆರಂಭವಾಯಿತು. ಓದುತ್ತ ಹೋದಂತೆ ದೊಡ್ಡವರಿಗೂ ಈ ಚಿಂತೆ ಇತ್ತೆಂದು ತಿಳಿದು ಸಮಾಧಾನವಾಯಿತು. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸಾನ್ ತನ್ನ ಪುಟ್ಟ ಲೈಕಾ ಕ್ಯಾಮರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸುತ್ತಿದ್ದನಂತೆ, ಜನರ ಕಣ್ಣಿಗೆ ಬೀಳಬಾರದೆಂದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಿಮ್ ಡೊಮ್ಕಿ ಎಂಬ ಪತ್ರಿಕಾ ಛಾಯಾಗ್ರಾಹಕ 1970ರ ದಶಕದಲ್ಲಿ ಪೆಟ್ಟಿಗೆಯಂಥ ಚೀಲಗಳಿಗೆ ಬೇಸತ್ತು, ಮೈಗೆ ಅಂಟಿಕೊಂಡು ಜೋತಾಡುವ ಕ್ಯಾನ್‌ವಾಸಿನ ಮೆತ್ತನೆ ಚೀಲವನ್ನು ತಾನೇ ರೂಪಿಸಿದ. ಅಂಥವುಗಳ ಬೆಲೆ ನೋಡಿದೆ. ಅವ್ವ ಎಷ್ಟು ಕಿಲೋ ಕಾಯಿಯ ತೊಟ್ಟು ಮುರಿಯಬೇಕಾದೀತೆಂದು ಲೆಕ್ಕ ಹಾಕಿ ಸುಮ್ಮನಾದೆ.

ದಾರಿ ತೋರಿಸಿದವರು ಮಾವನೇ. ರಾಣೇಬೆನ್ನೂರಿನಲ್ಲಿ ಲಾರಿಗಳಿಗೆ ತಾಡಪತ್ರಿ, ಟ್ರ್ಯಾಕ್ಟರುಗಳಿಗೆ ಸೀಟು ಹೊಲಿಯುವ ಒಬ್ಬ ಹಿರಿಯರ ಬಳಿಗೆ ಕರೆದೊಯ್ದರು. “ಒಳಗ ಏನಿಡ್ತಿ? ತೂಕ ಎಷ್ಟು?” ಇದು ಅವರ ಮೊದಲ ಪ್ರಶ್ನೆ. ಬಣ್ಣದ ಮಾತು ಆಮೇಲೆ. ಎರಡು ಮಸೂರ ಸೇರಿ ಒಂದೂಕಾಲು ಕಿಲೋ ಎಂದೆ. ಕಪ್ಪು ಚೀಲವನ್ನು ತಿರುವಿ ನೋಡಿ ನಕ್ಕರು. ಪಟ್ಟಿಯನ್ನು ಬಾಯಿಯ ಅಂಚಿಗಷ್ಟೇ ಹೊಲಿದರೆ ಭಾರವೆಲ್ಲ ಒಂದು ಬೆರಳಗಲದ ಹೊಲಿಗೆಯ ಮೇಲೆ ಬೀಳುತ್ತದೆ. ಪಟ್ಟಿ ಎರಡೂ ಬದಿಯಿಂದಿಳಿದು ತಳದ ಕೆಳಗೆ ಹಾಯ್ದು ಬಂದರೆ ಚೀಲವೇ ಅದರ ಮೇಲೆ ಕುಳಿತಂತಾಗುತ್ತದೆ, ಎಂದು ಗೋಣಿ ಹುರಿಯಿಂದ ಕಟ್ಟಿ ತೋರಿಸಿದರು. ಮೂರು ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಪಾಠವನ್ನು ನಾನು ಕೇಳಿದ್ದು ವಿರಳ. (ಅಧ್ಯಾಪಕರು ಕ್ಷಮಿಸಬೇಕು.)

ಬಟ್ಟೆ ದಪ್ಪ ಕ್ಯಾನ್‌ವಾಸು, ಎರೆಮಣ್ಣಿಗೂ ಕೆಂಪು ಧೂಳಿಗೂ ಹೊಂದುವ ಕಂದು ಬಣ್ಣ. ಕಪ್ಪಾದರೆ ಬಿಸಿಲಿಗೆ ಒಲೆಯಂತೆ ಕಾಯುತ್ತದೆ. ಬಾಯಿಗೆ ಜಿಪ್ಪು ಬೇಡವೆಂದೆ. ಮೆಣಸಿನಕಾಯಿಯ ಧೂಳು ಜಿಪ್ಪಿನ ಹಲ್ಲುಗಳಲ್ಲಿ ಸಿಕ್ಕಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಬದಲಾಗಿ ಮೂರೂ ಕಡೆ ಗೇಣುದ್ದ ಇಳಿಬೀಳುವ ಮುಚ್ಚಳ. ಅದಕ್ಕೆ ವೆಲ್ಕ್ರೋ ಪಟ್ಟಿ ಹಚ್ಚಲೇ ಎಂದರು. ಅದರ ಅನುಭವ ನನಗಾಗಿತ್ತು. ರಾಣೇಬೆನ್ನೂರಿನ ಸುತ್ತ 1974ರಲ್ಲಿ ಕೃಷ್ಣಮೃಗಗಳಿಗಾಗಿ ವನ್ಯಧಾಮ ಘೋಷಿಸಿದ್ದಾರೆ. 119 ಚದರ ಕಿಲೋಮೀಟರು. ಅಂಚಿನ ಹೊಲಗಳಲ್ಲೂ ಅವು ಮೇಯುತ್ತವೆ. ಒಂದು ಮುಂಜಾನೆ ಬದುವಿನ ಮರೆಯಲ್ಲಿ ಅರ್ಧ ಗಂಟೆ ಕುಳಿತು, ಗಂಡು ಮೃಗವೊಂದು ಹತ್ತಿರ ಬಂದಾಗ ಚೀಲದ ವೆಲ್ಕ್ರೋ ಬಿಚ್ಚಿದೆ. ಹೊಸ ಸೀರೆ ಪರ್ರೆಂದು ಹರಿದ ಸಪ್ಪಳ! ಹಿಂಡೆಲ್ಲ ನೆಗೆದು ಮಾಯವಾಯಿತು. ನನಗೆ ಸಿಕ್ಕದ್ದು ಧೂಳಿನ ಚಿತ್ರ. ಆದ್ದರಿಂದ ಹಿತ್ತಾಳೆಯ ಕೊಂಡಿ, ಚರ್ಮದ ನಾಲಗೆ. ಒಳಗೆ ಹಳೆಯ ಚೀಲದ ಸ್ಪಂಜನ್ನೇ ಕತ್ತರಿಸಿ ಮೂರು ಗೂಡು. ಎಲ್ಲ ಸೇರಿ 650 ರೂಪಾಯಿ.

ಚೀಲ ತಯಾರಾಯಿತು. ಅದನ್ನು ಹಾಕಿಕೊಂಡರೆ ನಾನು ಪಂಚಾಯ್ತಿಯ ಕರವಸೂಲಿಗಾರನಂತೆ ಕಾಣುತ್ತೇನೆಂದು ಗೆಳೆಯರ ಅಭಿಪ್ರಾಯ. ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಪೇಟೆಯಲ್ಲೂ ನೋಡಲಿಲ್ಲ. ಆ ಹುರುಪಿನಲ್ಲಿ ಮುಚ್ಚಳವನ್ನು ತುಸುವೇ ಎತ್ತಿ, ಚೀಲದೊಳಗಿಂದಲೇ ತೊಟ್ಟು ಮುರಿಯುವವರ ಹತ್ತಾರು ಚಿತ್ರ ತೆಗೆದೆ. ಮನೆಗೆ ಬಂದು ಅವ್ವನಿಗೆ ತೋರಿಸಿದೆ. ಚಿತ್ರಗಳು ಚೆನ್ನಾಗಿಯೇ ಇದ್ದವು.

ಅವಳು ಒಂದೊಂದನ್ನೇ ನೋಡಿದಳು. “ಈಕಿ ಸೆರಗು ಜಾರೇತಿ. ಈಕಿ ಸೀನಾಕತ್ಯಾಳ. ಇವರಿಗೆ ಕೇಳಿದ್ಯೇನು?” ಎಂದಳು. ಇಲ್ಲವೆಂದೆ. “ಕಳ್ಳರಿಗೆ ಕಾಣಬಾರದಂತ ಹೊಲಿಸಿದ್ಯೋ, ನಮಗ ಕಾಣಬಾರದಂತ ಹೊಲಿಸಿದ್ಯೋ?” ಎಂದು ಕೇಳಿ ಒಲೆಯ ಕಡೆಗೆ ಹೋದಳು.

ಆ ಚಿತ್ರಗಳನ್ನು ಅಂದೇ ಅಳಿಸಿದೆ. ಎರಡನ್ನು ಅಳಿಸುವಾಗ ಹೊಟ್ಟೆ ಉರಿಯಿತೆಂಬುದನ್ನು ಮುಚ್ಚಿಡುವುದಿಲ್ಲ. ಮುಂದಿನ ಗುರುವಾರ ಪೇಟೆಯ ಬಾಗಿಲಲ್ಲೇ ಕ್ಯಾಮರಾ ಹೊರತೆಗೆದು ಕೊರಳಿಗೆ ಹಾಕಿಕೊಂಡೆ; ಖಾಲಿ ಚೀಲವನ್ನು ಅವ್ವನ ಮಗ್ಗುಲಲ್ಲಿಟ್ಟು ಕುಳಿತು, ಒಂದು ತಾಸು ನಾನೂ ತೊಟ್ಟು ಮುರಿದೆ. ಬೆರಳು ಉರಿದವು. ಆರು ಮಂದಿ ಹ್ಞೂಂ ಎಂದರು, ಇಬ್ಬರು ಬೇಡವೆಂದರು. “ನನ್ನ ಮಗಾ, ಹಾವೇರ್‍ಯಾಗ ಬಿ.ಎ. ಓದತಾನ” ಎಂದು ಅವ್ವ ಪಕ್ಕದವಳಿಗೆ ಹೇಳುತ್ತಿದ್ದಳು.

ಹೊರಡುವಾಗ ಚೀಲ ಎತ್ತಿದರೆ ಭಾರವಾಗಿತ್ತು. ಮಸೂರದ ಗೂಡಿನಲ್ಲಿ ಅವಳು ಎರಡು ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಇಟ್ಟಿದ್ದಳು.