ಪಿಂಗಾಣಿಯಿಂದ ಪ್ಲಾಸ್ಟಿಕ್ಕಿಗೆ: ದಂಡು ಪ್ರದೇಶದ ಸ್ವಿಚ್ಚು, ಸಾಕೆಟ್ಟುಗಳು

ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬಂಗಲೆಗಳನ್ನೂ ಅವಕ್ಕೆ ತಾಗಿದಂತಿದ್ದ ಹಲಸೂರು, ಶಿವಾಜಿನಗರಗಳ ಸಾಲುಮನೆಗಳನ್ನೂ ಬಲ್ಲವರಿಗೆ, ಗೋಡೆಯ ಮೇಲೆ ಹಾಯುತ್ತಿದ್ದ ತೇಗದ ಪಟ್ಟಿ, ಅದರ ಕೊನೆಯಲ್ಲಿ ದುಂಡನೆಯ ಮರದ ಗಟ್ಟಿ, ಅದರ ಮೇಲೆ ಪಿಂಗಾಣಿಯ ತಳವೂ ಹಿತ್ತಾಳೆಯ ಮುಚ್ಚಳವೂ ಇದ್ದ ಸ್ವಿಚ್ಚು ಇನ್ನೂ ನೆನಪಿನಲ್ಲಿವೆ. ಪಟ್ಟಿಯ ಉದ್ದಕ್ಕೆ ಎರಡು ಕಾಲುವೆ ಕೊರೆದು, ರಬ್ಬರು ಹೊದಿಸಿದ ತಂತಿಗಳನ್ನು ಬೇರೆಬೇರೆಯಾಗಿ ಕೂರಿಸಿ, ಮೇಲೊಂದು ತೆಳು ಹಲಗೆಯನ್ನು ತಿರುಪಿನಿಂದ ಬಿಗಿಯುತ್ತಿದ್ದ ಈ ಪದ್ಧತಿಗೆ ಕೇಸಿಂಗ್-ಕ್ಯಾಪಿಂಗ್ ಎಂದು ಹೆಸರು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿದ ನಂತರದ ದಶಕಗಳಲ್ಲಿ ಮನೆಮನೆಗೆ ಹಬ್ಬಿದ ಜೋಡಣೆ ಬಹುಮಟ್ಟಿಗೆ ಬ್ರಿಟಿಷ್ ಮಾದರಿಯದೇ ಆಗಿತ್ತು. ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿದ 1947ರಲ್ಲೇ ಬ್ರಿಟನ್ ಚೌಕ ಪಿನ್ನಿನ ಹೊಸ ಮಾನಕವನ್ನು ಪ್ರಕಟಿಸಿತಾದರೂ, ಅಲ್ಲಿ ಕ್ರಮೇಣ ಮರೆಯಾದ ದುಂಡು ಪಿನ್ನು ಇಲ್ಲಿ ಇಂದಿಗೂ ಉಳಿದಿರುವುದು ಸ್ವಾರಸ್ಯದ ಸಂಗತಿ.

ಆ ಕಾಲದ ದುರಸ್ತಿಯೆಂದರೆ ಬಿಚ್ಚಿ ಸರಿಪಡಿಸುವುದು. ಸಾಕೆಟ್ಟಿನೊಳಗೆ ಪಿನ್ನನ್ನು ಹಿಡಿಯುವ ಹಿತ್ತಾಳೆಯ ಕೊಳವೆಯು ಬಳಕೆಯಿಂದ ಸಡಿಲಗೊಂಡಾಗ, ಪಿನ್ನಿಗೂ ಅದಕ್ಕೂ ನಡುವಿನ ಸ್ಪರ್ಶ ತೆಳುವಾಗಿ, ಅಲ್ಲಿ ವಿದ್ಯುತ್ತಿನ ಹರಿವಿಗೆ ಅಡ್ಡಿ ಹೆಚ್ಚಿ, ಶಾಖವೇರಿ, ಕಿಡಿ ಹಾರಿ ಲೋಹ ಕಪ್ಪಾಗುತ್ತದೆ. ಕಪ್ಪಾದ ಲೋಹ ಇನ್ನಷ್ಟು ಬಿಸಿಯಾಗುತ್ತದೆ. ಇದನ್ನೇ ‘ಲೂಸ್ ಕನೆಕ್ಷನ್’ ಎನ್ನುವುದು. ವೈರ್‌ಮನ್ ಮೊದಲು ಪಿಂಗಾಣಿಯ ಫ್ಯೂಸನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದನು. ಮನೆಯವರು ಮರೆತು ಮತ್ತೆ ಸಿಕ್ಕಿಸಬಾರದೆಂಬ ಈ ಎಚ್ಚರಿಕೆ ಯಾವ ನಿಯಮಪುಸ್ತಕಕ್ಕೂ ಕಡಿಮೆಯದಲ್ಲ. ಬಳಿಕ ಮುಚ್ಚಳ ತಿರುವಿ ತೆಗೆದು, ಕಪ್ಪು ಹಿಡಿದ ಜಾಗವನ್ನು ಮರಳುಕಾಗದದಿಂದ ಉಜ್ಜಿ, ಸೀಳಿದ ಕೊಳವೆಯನ್ನು ಇಕ್ಕುಳದ ತುದಿಯಿಂದ ಒತ್ತಿ ಬಿಗಿಗೊಳಿಸಿ, ಪ್ಲಗ್ಗಿನ ಪಿನ್ನಿನ ನಡುವಿನ ಸೀಳನ್ನು ಚಾಕುವಿನ ಮೊನೆಯಿಂದ ಕೊಂಚ ಅಗಲಿಸಿದರೆ ಅದೇ ಸಾಕೆಟ್ಟು ಮತ್ತೆ ವರ್ಷಗಟ್ಟಲೆ ಬಾಳುತ್ತಿತ್ತು. ಪ್ಲಗ್ಗೇ ಇಲ್ಲದ ಬರಿಯ ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿಮಾಡುವ ಮನೆಯವರ ಜಾಣತನವೂ ಜೊತೆಗೇ ನಡೆದಿತ್ತು.

ಹಾಗೆಂದು ಆ ಕಾಲವನ್ನು ಹೊಗಳಬೇಕಾದುದಿಲ್ಲ. ಗೋಡೆ ಒದ್ದೆಯಾದ ಮಳೆಗಾಲದಲ್ಲಿ ಹಿತ್ತಾಳೆಯ ಮುಚ್ಚಳವೇ ಶಾಕ್ ಹೊಡೆಯುತ್ತಿತ್ತು. ಕೆಲವೆಡೆ ಸ್ವಿಚ್ಚನ್ನು ವಿದ್ಯುತ್ತು ಬರುವ ಫೇಸ್ ತಂತಿಗೆ ಕೂಡಿಸದೆ, ಮರಳುವ ನ್ಯೂಟ್ರಲ್ ತಂತಿಗೆ ಕೂಡಿಸಿದ್ದರಿಂದ, ಆರಿಸಿದ ದೀಪದ ಹೋಲ್ಡರಿನಲ್ಲೂ ವಿದ್ಯುತ್ತು ಉಳಿದಿರುತ್ತಿತ್ತು.

ಇಂದಿರಾನಗರದಂಥ ಬಡಾವಣೆಗಳು ಎದ್ದ ಕಾಲಕ್ಕೆ ದೇಶದಲ್ಲಿ ತಾಮ್ರದ ಅಭಾವವಿದ್ದು, ಮನೆಗಳಿಗೂ ಅಲ್ಯೂಮಿನಿಯಂ ತಂತಿ ಬಂದಿತು. ತಿರುಪಿನ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುವ ಮತ್ತು ಗಾಳಿ ಸೋಕಿದೊಡನೆ ವಿದ್ಯುತ್ತು ಹರಿಯದ ಪೊರೆ ಕಟ್ಟುವ ಈ ಲೋಹದಿಂದಾಗಿ, ಸ್ವಿಚ್ಚು ಗಟ್ಟಿಯಾಗಿದ್ದರೂ ಅದರ ಹಿಂದಿನ ತಿರುಪು ಸಡಿಲವಾಗುವುದು ಸಾಮಾನ್ಯ ದೋಷವಾಯಿತು. ಅಷ್ಟರಲ್ಲಿ ಪಿಂಗಾಣಿಯ ಜಾಗಕ್ಕೆ ಬೇಕಲೈಟು, ಅನಂತರ ಬಿಳಿಯ ಪಿಯಾನೋ ಸ್ವಿಚ್ಚು ಬಂದಿದ್ದವು. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಬೈಯಪ್ಪನಹಳ್ಳಿಯಲ್ಲಿ ನೆಲೆಗೊಂಡ ಎನ್‌ಜಿಇಎಫ್ ಕಾರ್ಖಾನೆ ಟ್ರಾನ್ಸ್‌ಫಾರ್ಮರು, ಮೋಟರು, ಸ್ವಿಚ್‌ಗೇರುಗಳನ್ನು ತಯಾರಿಸುತ್ತಿದ್ದ ಕಾಲವದು. ಆ ಕಾರ್ಖಾನೆ ಈಗ ಮುಚ್ಚಿದೆ.

ಮಾಡ್ಯುಲರ್ ಎಂಬ ಬಿಡಿಬಿಡಿಯಾಗಿ ಕೂರಿಸುವ ಸ್ವಿಚ್ಚುಗಳು ಹರಡಿದ ಮೇಲೆ ಕಸುಬಿನ ಸ್ವರೂಪವೇ ಬದಲಾಯಿತು. ಇವುಗಳನ್ನು ಬಿಚ್ಚಿ ಉಜ್ಜುವ ಗೊಡವೆಗೆ ಯಾರೂ ಹೋಗುವುದಿಲ್ಲ. ಕೆಟ್ಟದ್ದನ್ನು ಕಿತ್ತು ಹೊಸದನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ಹೊಸ ಸಾಕೆಟ್ಟುಗಳ ರಂಧ್ರಗಳಿಗೆ ಒಳಗಿನಿಂದ ಮರೆ ಇರುವುದರಿಂದ ಮಕ್ಕಳು ಕಡ್ಡಿ ತೂರಿಸಿ ಅಪಾಯಕ್ಕೆ ಸಿಕ್ಕುವುದು ತಪ್ಪಿದೆ, ಇದು ನಿಜವಾದ ಲಾಭ. ಆದರೆ ಮೂಲ ದೋಷಗಳು ಚೆಂದದ ಫಲಕದ ಹಿಂದೆ ಸರಿದಿವೆಯೇ ಹೊರತು ಮಾಯವಾಗಿಲ್ಲ. 2,000 ವಾಟ್‌ನ ಗೀಸರು 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುವುದರಿಂದ ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು, ಕೆ.ಆರ್. ಪುರದ ಕಡೆಯ ಬಾಡಿಗೆ ಕೋಣೆಗಳಲ್ಲಿ ಪರಿವರ್ತಕ ಪ್ಲಗ್ಗು ಹಾಕಿ ಅದನ್ನು 6 ಆಂಪಿಯರಿನದಕ್ಕೆ ಸಿಕ್ಕಿಸಿ, ಸಾಕೆಟ್ಟು ಕರಗಿದಾಗ ತಯಾರಕರನ್ನು ದೂರುವುದುಂಟು.

ಇದಕ್ಕಿಂತ ಗಂಭೀರವಾದುದು ಅರ್ತಿಂಗ್, ಅಂದರೆ ಉಪಕರಣದ ಲೋಹಕ್ಕೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಮೂರನೆಯ ತಂತಿಯ ವ್ಯವಸ್ಥೆ. ಎರಡೇ ತಂತಿ ಎಳೆದ ಹಳೆಯ ಮನೆಗಳಲ್ಲಿ ಗೋಡೆಗೆ ಬಣ್ಣ ಬಳಿದು ಮೂರು ರಂಧ್ರದ ಹೊಸ ಸಾಕೆಟ್ಟು ಕೂರಿಸಿದರೂ, ಮೇಲಿನ ದೊಡ್ಡ ರಂಧ್ರದ ಹಿಂದೆ ಎಷ್ಟೋ ಕಡೆ ಯಾವ ತಂತಿಯೂ ಇರುವುದಿಲ್ಲ. ಹಲಸೂರು, ಶಿವಾಜಿನಗರಗಳ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗೆ ಮನೆ ಹಿಡಿಯುವವರು ಮುಂಗಡ ಕೊಡುವ ಮೊದಲೇ ಪರವಾನಗಿಯುಳ್ಳ ವೈರ್‌ಮನ್ ಒಬ್ಬರಿಂದ ಅರ್ತಿಂಗನ್ನು ಪರೀಕ್ಷಿಸಿಕೊಳ್ಳುವುದು, ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ಕಡಿತಗೊಳ್ಳುವ ಆರ್‌ಸಿಸಿಬಿ ಸಾಧನವನ್ನು ಮೈನ್ ಬೋರ್ಡಿನಲ್ಲಿ ಹಾಕಿಸಿಕೊಡುವಂತೆ ಮಾಲೀಕರನ್ನು ಕೇಳುವುದು ಅಗತ್ಯ.