ಎರಡಡಿ ಸಮುದ್ರದಲ್ಲಿ ಯಾರ ಪಕ್ಕ ಯಾರು?

ನಮ್ಮನೆ ಹಾಲ್‌ನಲ್ಲಿ ಈಗ ಒಂದು ಸಮುದ್ರ ಇದೆ. ಉದ್ದ ಎರಡಡಿ, ಅಗಲ ಒಂದಡಿ, ನೀರು 75 ಲೀಟರ್. ಬೆಂಗಳೂರಿನ ಬೋರ್‌ವೆಲ್ ನೀರು ಇದಕ್ಕೆ ಆಗೋಲ್ಲ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂಗೆ ಅಂತಾನೇ ಬರೋ ಉಪ್ಪು ಬೆರೆಸಬೇಕು (ಅಡುಗೆ ಉಪ್ಪಲ್ಲ ಮಾರಾಯ್ರೆ!). ಆಮೇಲೆ ಕಲ್ಲಲ್ಲಿ, ಮರಳಲ್ಲಿ ಬ್ಯಾಕ್ಟೀರಿಯಾ ಬೆಳೆದು, ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗೋವರೆಗೆ ಕಾಯಬೇಕು. ಹಾಗಾಗಿ ಆರು ವಾರ ಒಂದೂ ಮೀನಿರಲಿಲ್ಲ. ಬಂದವರೆಲ್ಲ ಬಗ್ಗಿ ನೋಡಿ, "ಏನೋ, ಕಲ್ಲು ಸಾಕ್ತಿದೀಯಾ?" ಅಂತ ಕೇಳಿ ಹೋಗ್ತಿದ್ರು :-)

ಆ ಆರು ವಾರ ನಾನು ಮಾಡಿದ್ದು ಇಂಜಿನಿಯರ್ ಬುದ್ಧಿಯ ಕೆಲಸ. ಒಂದು ಎಕ್ಸೆಲ್ ಶೀಟು. ಅಡ್ಡಕ್ಕೂ ಮೀನಿನ ಹೆಸರು, ಉದ್ದಕ್ಕೂ ಮೀನಿನ ಹೆಸರು. ಹೊಂದಿದ್ರೆ ಹಸಿರು, ಅನುಮಾನ ಇದ್ರೆ ಹಳದಿ, ಕಚ್ಚಾಡಿದ್ರೆ ಕೆಂಪು. ನಮ್ಮಕ್ಕ ನೋಡಿ, "ನಾವು ತೋರಿಸೋ ಹುಡುಗಿ ಜಾತಕಾನ ಒಂದು ದಿನಾನಾದ್ರೂ ಹಿಂಗೆ ನೋಡಿದೀಯೇನೋ?" ಅಂದ್ಲು. ಮಾತು ಬದಲಾಯಿಸಿದೆ.

ಶೀಟಲ್ಲಿ ಕೆಂಪು ಬಣ್ಣ ಯಾಕಷ್ಟು ಜಾಸ್ತಿ ಅನ್ನೋದು ನನಗೆ ನಿಜವಾಗಿ ಅರ್ಥ ಆಗಿದ್ದು ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದಾಗ ಕಂಡಿದ್ದನ್ನ ನೆನೆಸಿಕೊಂಡ ಮೇಲೆ. ಬೆರಳುದ್ದದ ಒಂದು ಡ್ಯಾಮ್ಸೆಲ್ ಮೀನು ತನ್ನ ಬಂಡೆ ಹತ್ತಿರ ಬಂದ, ತನಗಿಂತ ದೊಡ್ಡ ಮೀನನ್ನ ಓಡಿಸ್ತಿತ್ತು. ಆ ದೊಡ್ಡದು ಒಂದು ಹತ್ತಡಿ ಆಚೆ ಹೋಯ್ತು. ಜಗಳ ಮುಗೀತು. ಸಮುದ್ರದಲ್ಲಿ ಸೋತವನಿಗೆ ಆ ಹತ್ತಡಿ ಇರುತ್ತೆ. ನನ್ನ ತೊಟ್ಟಿಯಲ್ಲಿ ಸೋತವನು ಹಿಂದೆ ಸರಿದ್ರೆ ಸಿಗೋದು ಗಾಜು. ಮೂಲೆ ಸೇರಿ, ಊಟ ಬಿಟ್ಟು, ರೆಕ್ಕೆ ಹರಿಸ್ಕೊಂಡು ಸಾಯ್ತಾನೆ. ಅದಕ್ಕೇ ಯಾವ ಮೀನು ಚೆಂದ ಅನ್ನೋದಕ್ಕಿಂತ ಯಾವುದು ಎಷ್ಟು ಜಾಗ ತನ್ನದು ಅನ್ನುತ್ತೆ ಅನ್ನೋದನ್ನ ಮೊದಲು ಕೇಳ್ಬೇಕು.

ಅಂಗಡಿಯವನಂತೂ ನೀಲಿ ಡ್ಯಾಮ್ಸೆಲ್ ತೋರಿಸಿ "ಗಟ್ಟಿ ಮೀನು ಸಾರ್, ಸಾಯಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅದು ಸಾಯಲ್ಲ, ಮಿಕ್ಕವರನ್ನ ಸಾಯಿಸುತ್ತೆ. ಹಸಿರು ಕ್ರೋಮಿಸ್ ಸಾಧು ಅಂತಾರೆ, ಆದ್ರೆ ಐದು ತಂದ್ರೆ ಅವೇ ಒಂದನ್ನೊಂದು ಅಟ್ಟಾಡಿಸಿ ಕೊನೆಗೆ ಒಂದೋ ಎರಡೋ ಉಳಿಯೋದು ಮಾಮೂಲು. ಮ್ಯಾಂಡರಿನ್ ಡ್ರಾಗನೆಟ್ ಅಂತೂ ಯಾರ ತಂಟೆಗೂ ಹೋಗಲ್ಲ, ರೇಷ್ಮೆ ಸೀರೆ ಉಟ್ಟ ಹಾಗಿರುತ್ತೆ. ಆದ್ರೆ ಅದು ದಿನವಿಡೀ ಕಲ್ಲಿನ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಕೋಪೆಪಾಡ್‌ಗಳನ್ನ ಹೆಕ್ಕಿ ತಿನ್ನೋ ಮೀನು. ಇಷ್ಟು ಚಿಕ್ಕ ತೊಟ್ಟಿಯಲ್ಲಿ ಅವು ಬೇಗ ಖಾಲಿ, ಆಮೇಲೆ ಉಪವಾಸ. ಸಮುದ್ರಕುದುರೆ ಕೇಳೋದೇ ಬೇಡ, 2001ರಿಂದ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ.

ಕಷ್ಟ ಆಗಿದ್ದು ಡೋರಿ ವಿಷಯದಲ್ಲಿ. ಅಕ್ಕನ ಮಗನಿಗೆ ಎಂಟು ವರ್ಷ. ತೊಟ್ಟಿ ಬಂದ ದಿನದಿಂದ "ಮಾಮ, ನೀಮೋ ಜೊತೆ ಡೋರಿ ಇರ್ಲೇಬೇಕು" ಅಂತ ಒಂದೇ ಹಟ. ಡೋರಿ ಅಂದ್ರೆ ಬ್ಲೂ ಟ್ಯಾಂಗ್. ಅಂಗಡಿಯಲ್ಲಿ ಎರಡಿಂಚು ಇರುತ್ತೆ, ಬೆಳೆದ್ರೆ 30 ಸೆಂಟಿಮೀಟರ್ ಹತ್ತಿರ ಹೋಗುತ್ತೆ, ಇಡೀ ದಿನ ಈಜಾಡೋ ಜೀವ. ಅಕ್ಕ ಬೇರೆ, "ಒಂದು ಮೀನಿಗೆ ಇಷ್ಟು ಯೋಚ್ನೆನಾ, ಮಗು ಆಸೆ ಪಡ್ತಿದೆ, ತಂದ್ಕೊಡು" ಅಂತ. ನಾನು ಅವನ ಸ್ಕೂಲ್ ಬ್ಯಾಗಿಂದ ಸ್ಕೇಲ್ ತರಿಸಿದೆ. "ಪುಟ್ಟಾ, ದೊಡ್ಡ ಡೋರಿ ಈ ಸ್ಕೇಲಷ್ಟುದ್ದ. ತೊಟ್ಟಿ ಅಗಲಕ್ಕೆ ಹಿಡಿ ನೋಡೋಣ" ಅಂದೆ. ಹಿಡಿದ. ಸ್ಕೇಲು ಈ ಗಾಜಿಂದ ಆ ಗಾಜಿಗೆ ತಾಗಿತು. ಸ್ವಲ್ಪ ಹೊತ್ತು ಅಲ್ಲೇ ಹಿಡ್ಕೊಂಡು ನಿಂತಿದ್ದು, "ಹಂಗಾದ್ರೆ ತಿರುಗೋದು ಹೆಂಗೆ?" ಅಂದ. ನಾನೇನೂ ಹೇಳಲಿಲ್ಲ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ, ಆದ್ರೆ ಡೋರಿ ಅಂತ ಮತ್ತೆ ಕೇಳಿಲ್ಲ.

ಕೊನೆಗೆ ಶೀಟಲ್ಲಿ ಉಳಿದಿದ್ದು ಮೂರೇ ಮೀನು. ಒಂದು ಜೊತೆ ಕ್ಲೌನ್‌ಫಿಶ್, ಅಂದ್ರೆ ನೀಮೋ ಜಾತಿ. ಮತ್ತೆ ಒಂದು ಹಳದಿ ಗೋಬಿ. (ಮಂಚೂರಿ ಜೋಕು ನಮ್ಮ ಟೀಮಿನವರು ಆಗ್ಲೇ ಮಾಡಿ ಮುಗಿಸಿದಾರೆ, ನೀವು ಶುರು ಮಾಡ್ಬೇಡಿ.)

ಗೋಬಿ ಜೊತೆ ಒಂದು ಪಿಸ್ತೂಲ್ ಸೀಗಡಿ ತಂದೆ. ಇವರಿಬ್ಬರ ಸಂಸಾರ ನೋಡೋಕೆ ಟೀವಿ ಬಿಡಬಹುದು. ಸೀಗಡಿಗೆ ಕಣ್ಣು ಸರಿಯಾಗಿ ಕಾಣಲ್ಲ. ಆದ್ರೂ ಇಡೀ ದಿನ ಬಿಲ ತೋಡುತ್ತೆ. ಗೋಬಿ ಬಿಲದ ಬಾಗಿಲಲ್ಲಿ ಕಾವಲು ಕೂರುತ್ತೆ. ಸೀಗಡಿ ಹೊರಗೆ ಬಂದಾಗೆಲ್ಲ ತನ್ನ ಮೀಸೆಯನ್ನ ಗೋಬಿ ಮೈಮೇಲೆ ಇಟ್ಕೊಂಡೇ ಇರುತ್ತೆ. ಅಪಾಯ ಕಂಡ್ರೆ ಗೋಬಿ ಬಾಲ ಅಲ್ಲಾಡಿಸುತ್ತೆ, ಇಬ್ಬರೂ ಒಳಗೆ. ಇವರಿಗೆ ಬೇಕಾಗಿರೋದು ತಳದ ಗೇಣಗಲ ಜಾಗ. ಕ್ಲೌನ್‌ಗಳು ಇರೋದು ಮೇಲುಗಡೆ. ಬಾಡಿಗೆದಾರರು ಬೇರೆ ಬೇರೆ ಮಹಡಿಯಲ್ಲಿದ್ರೆ ಜಗಳ ಕಮ್ಮಿ.

ಕ್ಲೌನ್‌ಫಿಶ್ ಎಲ್ಲವೂ ಮೊದಲು ಗಂಡೇ. ಎರಡು ಮರಿ ಒಟ್ಟಿಗೆ ಬಿಟ್ರೆ ಜೋರಾಗಿರೋದು ಹೆಣ್ಣಾಗುತ್ತೆ, ಇನ್ನೊಂದು ಅದರ ಮುಂದೆ ಮೈ ನಡುಗಿಸಿ 'ಆಯ್ತಮ್ಮಾ' ಅನ್ನುತ್ತೆ. ಅಲ್ಲಿಗೆ ರಾಜಿ. ಅದಕ್ಕೇ ಒಂದು ದೊಡ್ಡದು ಒಂದು ಚಿಕ್ಕದು ಆರಿಸಬೇಕು. ಎರಡೂ ದೊಡ್ಡ ಹೆಣ್ಣಾದ್ರೆ ಕಥೆ ಮುಗೀತು. ಮೂರನೇದು ತಂದ್ರೂ ಅಷ್ಟೇ, ಇಷ್ಟು ಸಣ್ಣ ಜಾಗದಲ್ಲಿ ಅದನ್ನ ಬದುಕೋಕೆ ಬಿಡಲ್ಲ. ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನೇ ಹುಡುಕ್ತಿದೀನಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಇವುಗಳ ಮರಿ ಮಾಡಿಸಿದಾರೆ. ಸಮುದ್ರದಿಂದ ಒಂದು ಜೀವ ಕಿತ್ತು ತರೋದಕ್ಕೆ ನನಗೆ ಮನಸ್ಸಿಲ್ಲ. ಸಾಕಿದ ಮರಿಗೆ ರೋಗವೂ ಕಮ್ಮಿ, ಗುಳಿಗೆ ಆಹಾರ ಅಭ್ಯಾಸ ಇರುತ್ತೆ. ಕೊಳ್ಳೋ ಮುಂಚೆ ಅಂಗಡಿಯವನ ಹತ್ರ ಎದುರಿಗೇ ಊಟ ಹಾಕಿಸಿ ನೋಡೋದು ಒಳ್ಳೇದು.

ಕರೆತರೋ ಕ್ರಮವೂ ಮುಖ್ಯ. ಸಾಧು ಮೊದಲು, ಜೋರು ಆಮೇಲೆ. ಮೊದಲು ಬಂದವನೇ ಇಡೀ ಮನೆ ತನ್ನದು ಅನ್ನೋದಲ್ವಾ? ಹಾಗಾಗಿ ಮೊನ್ನೆ ಶನಿವಾರ ಗೋಬಿ, ಸೀಗಡಿ ಒಳಗೆ ಹೋದ್ರು. ಕ್ಲೌನ್ ಜೋಡಿ ಬೇರೆ ಡಬ್ಬದಲ್ಲಿ ನಾಲ್ಕು ವಾರ ಕ್ವಾರಂಟೈನ್ ಮುಗಿಸಿದ ಮೇಲೆ. ಗೋಬಿ ಹಾರೋ ಮೀನು ಆದ್ದರಿಂದ ಮೇಲೆ ಬಲೆ ಮುಚ್ಚಿದೀನಿ. ಕರೆಂಟ್ ಹೋದ್ರೆ ಪಂಪ್ ನಿಲ್ಲಬಾರದು ಅಂತ ಯುಪಿಎಸ್‌ಗೂ ಸಿಕ್ಕಿಸಿದೀನಿ, ಮನೆಯಲ್ಲಿ ಫ್ಯಾನ್ ನಿಂತ್ರೂ ಪರವಾಗಿಲ್ಲ ಅಂತ.

ನಿಮ್ಮಲ್ಲಿ ಯಾರಾದ್ರೂ ಉಪ್ಪು ನೀರಿನ ಮೀನು ಸಾಕಿದ್ರೆ ಒಂದು ವಿಷಯ ಹೇಳಿ. ನನ್ನ ಸೀಗಡಿ ರಾತ್ರಿ 'ಟಪ್' ಅಂತ ಚಿಟಿಕೆ ಹೊಡೆಯೋ ಸದ್ದಿಗೆ ಮೂರು ಸಲ ಎದ್ದು ಗಾಜು ಬಿರುಕು ಬಿಡ್ತಾ ಅಂತ ನೋಡ್ಬಂದೆ. ಇದು ಅಭ್ಯಾಸ ಆಗೋಕೆ ಎಷ್ಟು ದಿನ ಬೇಕು?